ಸೋಲುಂಡು ಬೆಳೆದ ಒಂದು ಘೋಷಣೆ

‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ಕೇಳದ ಕನ್ನಡ ಮನೆ ಇಂದು ವಿರಳ. ಟಿ.ವಿ.ಯ ಮೂಲಕ ಅದು ಕಾಸರಗೋಡಿನ ನಮ್ಮ ಅಂಗಳಗಳಿಗೂ, ಗೋವೆಯ ಕುಂಡಯಿಯಂಥ ಕೈಗಾರಿಕಾ ವಸಾಹತುಗಳಿಗೆ ದುಡಿಯಲು ಹೋದ ನಮ್ಮವರ ಬಿಡಾರಗಳಿಗೂ ತಲುಪಿದೆ. ಕ್ರಿಕೆಟಿನ ಈ ಮಾತು ಈಗ ಪರೀಕ್ಷೆಗೂ ಚುನಾವಣೆಗೂ ಸಲ್ಲುತ್ತದೆ. ಇದಕ್ಕೆ ಇಷ್ಟು ಬಲ ಬಂದುದು ಹೇಗೆಂಬುದು ವಿಚಾರಾರ್ಹ.

ಐ.ಪಿ.ಎಲ್. ಪಂದ್ಯಾವಳಿಯ ಬೆಂಗಳೂರು ತಂಡ 2008ರಲ್ಲಿ ಆಟಕ್ಕಿಳಿಯಿತು. 2009, 2011, 2016ರಲ್ಲಿ ಅಂತಿಮ ಪಂದ್ಯಕ್ಕೇರಿ ಮೂರು ಸಲವೂ ಸೋತಿತು. 2017ರಲ್ಲೂ 2019ರಲ್ಲೂ ಪಟ್ಟಿಯ ಕಟ್ಟಕಡೆಯ ಸ್ಥಾನ. ಈ ಸೋಲುಗಳ ನಡುವೆಯೇ ಘೋಷಣೆ ಮನೆಮಾತಾಯಿತು. ಎದುರಾಳಿಗಳು ಅದನ್ನು ಗೇಲಿಗೆ ಬಳಸಿದರು. ಅಭಿಮಾನಿಗಳೂ ನಗುತ್ತ ಅದನ್ನೇ ಹೇಳಿದರು. ಹಂಗಿಸುವ ಮಾತನ್ನು ತಾನೇ ಮೊದಲು ಆಡಿ ನಗುವವನನ್ನು ಮತ್ತೆ ಹಂಗಿಸುವುದು ಕಷ್ಟ. ಬರೀ ಗೆಲುವಿನ ಭವಿಷ್ಯವಾಗಿದ್ದರೆ ಆ ಮಾತು ಮೊದಲ ಸೋಲಿಗೇ ಸಾಯಬೇಕಿತ್ತು. ಮತ್ತೆ ಬರುತ್ತೇವೆಂಬ ಹಟವಾಗಿದ್ದುದರಿಂದ ಅದು ಬಾಳಿತು.

2024ರ ಮಾರ್ಚ್ 17ರಂದು ಬೆಂಗಳೂರಿನ ಮಹಿಳಾ ತಂಡ ದೆಹಲಿಯಲ್ಲಿ ಕಪ್ ಗೆದ್ದಿತು. ಕನ್ನಡಿಗರಲ್ಲದ ನಾಯಕಿ ಸ್ಮೃತಿ ಮಂಧಾನ, ಇನ್ನು ‘ನಮ್ದೇ’ ಅಲ್ಲ, ‘ಈ ಸಲ ಕಪ್ ನಮ್ದು’ ಎಂದರು. ಕಾಯುವವನಿಗೆ ಆ ಏಕಾರದ ಒತ್ತು ಬೇಕು. ಕೈಸೇರಿದ ಮೇಲೆ ಅದು ಬೇಡ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರ ತಂಡವೂ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿತು.

ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಲುಕಿ 11 ಮಂದಿ ಮಡಿದರು. ಹದಿನೆಂಟು ವರ್ಷ ಕಾದ ಜನಕ್ಕೆ ಒಂದು ಸುರಕ್ಷಿತ ಸಂಜೆಯನ್ನು ಒದಗಿಸಲಾಗಲಿಲ್ಲ. ಜನರ ತಾಳ್ಮೆಯ ಫಲ ಉಣ್ಣುವವರಿಗೆ ಜನರ ಹೊಣೆಯೂ ಇರಬೇಕು. ಅಮೆರಿಕದಲ್ಲಿಯೂ ಇಂಥ ಮಾತೊಂದಿತ್ತು. ‘ಮುಂದಿನ ವರ್ಷ ನೋಡಿ’ ಎನ್ನುತ್ತ ಕಾದ ಬ್ರೂಕ್ಲಿನ್ನಿನ ಜನಕ್ಕೆ 1955ರಲ್ಲಿ ಬೇಸ್‌ಬಾಲ್ ಕಿರೀಟ ದಕ್ಕಿತು. 1957ರ ಆಟ ಮುಗಿದ ಮೇಲೆ ಮಾಲೀಕರು ಆ ತಂಡವನ್ನೇ ಲಾಸ್ ಏಂಜಲೀಸಿಗೆ ಒಯ್ದರು.

ಕಾಯುವುದನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು. ‘ಈ ಸಲ’ ಎಂಬ ನಿರೀಕ್ಷೆ ನಮ್ಮ ಹಿರಿಯರ ಬಾಯಲ್ಲಿ ಎಷ್ಟು ಸಲ ಬಂದುಹೋಯಿತೋ!

ಆದರೆ ಕ್ರಿಕೆಟಿಗೂ ನಮಗೂ ಒಂದು ವ್ಯತ್ಯಾಸವುಂಟು. ಅಲ್ಲಿ ಆಡುವವರು ಹನ್ನೊಂದು ಜನ, ಉಳಿದವರು ಕೂಗಿದರೆ ಸಾಕು. ಭಾಷೆಯ ವಿಷಯದಲ್ಲಿ ಬೇರೆಯವರು ಆಡಿಕೊಡುವುದಿಲ್ಲ. ಘೋಷಣೆ ಕಾಯುವವರ ಮನಸ್ಸನ್ನು ಉಳಿಸೀತು. ಕನ್ನಡ ತರಗತಿಯ ಬೆಂಚನ್ನು ತುಂಬಿಸದು. ಟಿ.ವಿ.ಯಿಂದ ನಾಲ್ಕು ಕನ್ನಡ ಪದ ಕಲಿತು ಕೂಗುವ ಮಗುವಿಗೆ ಐದನೆಯ ಪದವನ್ನು ಕಲಿಸಬೇಕಾದವರು ಮನೆಯವರೇ.