ಬಿಲ್ಲು ಕಳಿಸಲು ಸಂಕೋಚವೇಕೆ?

ತಿಂಗಳ ಸಂಬಳದವರಿಗೆ ದುಡ್ಡು ಕೇಳುವ ಕಷ್ಟ ಅಷ್ಟಾಗಿ ಗೊತ್ತಿರುವುದಿಲ್ಲ. ಅವರ ಪರವಾಗಿ ಕಾನೂನೇ ಕೇಳುತ್ತದೆ. ಸಾವಿರಕ್ಕಿಂತ ಕಡಿಮೆ ಜನ ದುಡಿಯುವ ಕಡೆ ಕೂಲಿ ಏಳನೇ ದಿನದೊಳಗೆ ಕೈಸೇರಬೇಕೆಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. ತಿಂಗಳ ಸಂಬಳಕ್ಕೆ ಅದೇ ಏಳನೇ ದಿನದ ಗಡುವು 2019ರ ವೇತನ ಸಂಹಿತೆಯಲ್ಲೂ ಇದೆ. ಆದರೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆಯಲ್ಲಿ ಕೂತು, ದೂರದ ವ್ಯಾಪಾರಿಯೊಬ್ಬರ ಇಮೇಲ್ ವಿಂಗಡಿಸಿ, ಮೀಟಿಂಗ್‌ಗಳ ಸಮಯ ಹೊಂದಿಸಿ, ಟಿಕೆಟ್ ಬುಕ್ ಮಾಡಿ, ಎಕ್ಸೆಲ್ ಶೀಟು ತುಂಬುವ ವರ್ಚುವಲ್ ಅಸಿಸ್ಟೆಂಟ್‌ಗೆ ಅಂಥ ಏಳನೇ ತಾರೀಕು ಇಲ್ಲ. ತನ್ನ ಕೂಲಿಯನ್ನು ತಾನೇ ಲೆಕ್ಕ ಹಾಕಿ, ತಾನೇ ಇನ್‌ವಾಯ್ಸ್ ಕಳಿಸಿ, ಹಣ ಬಾರದಿದ್ದರೆ ತಾನೇ ನೆನಪಿಸಬೇಕು. ವಿಚಿತ್ರವೆಂದರೆ, ಕ್ಲೈಂಟ್‌ನ ಗಿರಾಕಿಗಳಿಗೆ ಬಾಕಿ ಹಣದ ಜ್ಞಾಪನೆಗಳನ್ನು ಅಚ್ಚುಕಟ್ಟಾಗಿ ಬರೆಯುವವರೂ ಎಷ್ಟೋ ಸಲ ಇವರೇ. ತಮ್ಮ ಬಾಕಿಯ ಮಾತು ಬಂದಾಗ ಮಾತ್ರ ಕೈ ಹಿಂಜರಿಯುತ್ತದೆ.

ಇದು ಸ್ವಭಾವದ ದೌರ್ಬಲ್ಯ, ಧೈರ್ಯ ಮಾಡಿ ಕೇಳಿದರೆ ಆಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಲಿ ಕೊಡುವ ದಿನ, ಅಳತೆ, ಸಾಕ್ಷಿ ಮೂರೂ ಮೊದಲೇ ಗೊತ್ತಿದ್ದಲ್ಲಿ ಸಂಕೋಚಕ್ಕೆ ಎಡೆಯೇ ಇರುವುದಿಲ್ಲ. ನಮ್ಮ ಹಳ್ಳಿಗಳ ಆಯಗಾರರನ್ನು ನೋಡಿ. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಅಳೆಸಿಕೊಳ್ಳುತ್ತಿದ್ದರು. ಜಾತಿಗೆ ಕಟ್ಟಿಹಾಕಿದ್ದ ಆ ಪದ್ಧತಿ ಮರಳಿ ಬರಬೇಕೆಂದು ನಾನು ಬಯಸುವುದಿಲ್ಲ. ಅದರಲ್ಲಿ ಮೇಲುಕೀಳಿತ್ತು, ಅಳತೆಯಲ್ಲಿ ಅನ್ಯಾಯವೂ ನಡೆಯುತ್ತಿತ್ತು. ಆದರೂ ಆಯ ಕೊಡುವ ಕಾಲ ಯಾವುದು, ಯಾರಿಗೆ ಎಷ್ಟು ಎಂಬುದು ಊರಿಗೆಲ್ಲ ಗೊತ್ತಿತ್ತು. ಕೊಡದವನನ್ನು ಊರೇ ನೋಡುತ್ತಿತ್ತು. ವಾಟ್ಸಾಪ್‌ನಲ್ಲಿ ಕೆಲಸ ಒಪ್ಪಿಕೊಂಡು, ಮುಖವನ್ನೇ ಕಾಣದ ಕ್ಲೈಂಟ್‌ಗೆ ದುಡಿಯುವವರಿಗೆ ಕಣವೂ ಇಲ್ಲ, ಕಣದ ಸುತ್ತ ನಿಂತ ಜನರೂ ಇಲ್ಲ. ಆ ಸಾಕ್ಷಿಯ ಜಾಗವನ್ನು ಇನ್‌ವಾಯ್ಸ್ ಒಂದೇ ತುಂಬಬೇಕು.

ಮನೆಯಿಂದಲೇ ದುಡಿಯುವ ಹೆಂಗಸರಿಗೆ ಈ ಹಿಂಜರಿಕೆ ಇನ್ನಷ್ಟು ಆಳವಾದದ್ದು. ಅಡುಗೆ, ಮಕ್ಕಳ ಹೋಂವರ್ಕ್, ಅತ್ತೆಯ ಔಷಧಿಯ ಹೊತ್ತು, ಇದ್ಯಾವುದಕ್ಕೂ ಯಾರೂ ಬಿಲ್ಲು ಕೊಡುವುದಿಲ್ಲ; ಕೊಡುವ ಯೋಚನೆ ಬಂದರೂ ತಪ್ಪೆಂದೇ ಕಲಿಸಿದ್ದೇವೆ. ಅದೇ ಮನೆಯಲ್ಲಿ, ಅದೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಾಗ ಆ ಪಾಠ ತಾನಾಗಿಯೇ ಅಳಿಸಿಹೋಗುವುದಿಲ್ಲ. ಕ್ಲೈಂಟ್‌ಗಳು ಇದನ್ನು ಬೇಗ ಗುರುತಿಸುತ್ತಾರೆ. ರಾತ್ರಿ ಹತ್ತಕ್ಕೆ ‘ಮೇಡಂ, ಒಂದು ಚಿಕ್ಕ ಕೆಲಸ’ ಎಂಬ ಮೆಸೇಜು ಬರುತ್ತದೆ. ‘ನೀವು ನಮ್ಮ ಮನೆಯವರ ಹಾಗೆ’ ಎಂಬ ಮಾತೂ ಬರುತ್ತದೆ. ಹದಿನೈದು ನಿಮಿಷದ ಇಂಥ ಕೆಲಸಗಳು ತಿಂಗಳ ಕೊನೆಗೆ ಗಂಟೆಗಟ್ಟಲೆ ಆಗಿರುತ್ತವೆ, ಬಿಲ್ಲಿನಲ್ಲಿ ಒಂದೂ ಇರುವುದಿಲ್ಲ. ಆದ್ದರಿಂದ ಒಂದು ಸಾಲಿನ ‘ಮಾಸಿಕ ಸೇವೆ’ ಎಂಬ ಬಿಲ್ಲಿಗಿಂತ ಯಾವ ದಿನ ಏನು ಮಾಡಿದೆ, ಎಷ್ಟು ಹೊತ್ತು ಹಿಡಿಯಿತು ಎಂಬ ಪಟ್ಟಿ ಲಗತ್ತಾದ ಬಿಲ್ಲು ಎಷ್ಟೋ ಮೇಲು. ಸ್ನೇಹಕ್ಕಾಗಿ ಹಣ ಬಿಡುವುದಾದರೆ ಅದೂ ಅಲ್ಲಿರಲಿ: ಕೆಲಸ ಬರೆದು, ದರ ಬರೆದು, ರಿಯಾಯಿತಿ ಎಂದು ಕಳೆಯಿರಿ. ಬಿಟ್ಟದ್ದು ಎಷ್ಟೆಂದು ಇಬ್ಬರಿಗೂ ತಿಳಿದಿರಬೇಕು.

ಬಿಲ್ಲಿನಲ್ಲಿ ಉಳಿದದ್ದು ಸುಲಭ: ಇಬ್ಬರ ಹೆಸರು ವಿಳಾಸ, ಕ್ರಮಸಂಖ್ಯೆ, ತಾರೀಕು, ಮೊತ್ತ, ಬ್ಯಾಂಕ್ ವಿವರ ಮತ್ತು ಹಣ ಸೇರಬೇಕಾದ ಕೊನೆಯ ದಿನ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸೇವೆಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ; ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವಂತೆಯೂ ಇಲ್ಲ. ಕಂಪನಿಗಳು ಟಿಡಿಎಸ್ ಹಿಡಿದು ಉಳಿದದ್ದನ್ನು ಹಾಕಿದರೆ, ಹಿಡಿದ ಹಣ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಕಾನೂನು. ಆ್ಯಪ್‌ಗಳ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕ್ಲೈಂಟ್ ಜೊತೆ ನೇರವಾಗಿ ಮಾತಾಡಿಕೊಂಡು ದುಡಿಯುವವರು ಅದರೊಳಗೆ ಬರುವುದಿಲ್ಲ. ನ್ಯೂಯಾರ್ಕ್ ನಗರ ಇಂಥವರಿಗಾಗಿಯೇ ಮಾಡಿದ ಕಾನೂನು 2017ರಿಂದ ಜಾರಿಯಲ್ಲಿದೆ. 800 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಮೊತ್ತದ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಒಪ್ಪಂದದಲ್ಲಿ ದಿನ ನಮೂದಿಸದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. ನಮ್ಮಲ್ಲೂ ಅದಕ್ಕೆ ಹತ್ತಿರದ ಆಸರೆಯೊಂದಿದೆ, ಬಳಸುವವರು ಕಡಿಮೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಸೇವೆ ಕೊಡುವ ಅತಿಸಣ್ಣ ಉದ್ಯಮಕ್ಕೂ ಅನ್ವಯಿಸುತ್ತದೆ. ಒಬ್ಬರೇ ನಡೆಸುವ ಉದ್ಯಮವೂ ಅದರಲ್ಲಿ ಸೇರುತ್ತದೆ. ಲಿಖಿತ ಒಪ್ಪಂದವಿದ್ದರೂ ಖರೀದಿದಾರ 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ. 2024-25ರ ಕರನಿರ್ಧಾರ ವರ್ಷದಿಂದ ಆದಾಯ ತೆರಿಗೆಯೂ ಇದಕ್ಕೆ ಬಲ ಕೊಟ್ಟಿದೆ: ಗಡುವಿನೊಳಗೆ ಕೊಡದ ಹಣವನ್ನು ನಿಜವಾಗಿ ಕೊಡುವವರೆಗೆ ಕಂಪನಿ ತನ್ನ ಖರ್ಚೆಂದು ತೋರಿಸಲಾಗದು. ಲೆಕ್ಕಪತ್ರ ವಿಭಾಗಕ್ಕೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟು ಕಟ್ಟುನಿಟ್ಟಾದರೆ ಕ್ಲೈಂಟ್ ಕೈಬಿಟ್ಟು ಹೋಗುತ್ತಾರೆ ಎಂಬ ಭಯ ಸುಳ್ಳಲ್ಲ. ಕೆಲವರು ಹೋಗುತ್ತಾರೆ. ಮನೆಯ ಬಾಡಿಗೆ ಆ ದುಡ್ಡಿನ ಮೇಲೆ ನಿಂತಿರುವವರಿಗೆ ‘ಹೋದರೆ ಹೋಗಲಿ’ ಎಂದು ಉಪದೇಶಿಸುವ ಹಕ್ಕು ನನಗಿಲ್ಲ. ಆದರೆ ಜಗಳವಾಗುವುದು ಹೆಚ್ಚಾಗಿ ಷರತ್ತು ತಡವಾಗಿ ಹೇಳಿದಾಗ. ದರ, ಗಡುವು, ಹೆಚ್ಚುವರಿ ಗಂಟೆಯ ಲೆಕ್ಕ ಇವೆಲ್ಲ ಮೊದಲ ದಿನದ ಇಮೇಲ್‌ನಲ್ಲೇ ಇದ್ದರೆ, ಕೊನೆಯಲ್ಲಿ ಕಳಿಸುವ ಇನ್‌ವಾಯ್ಸ್ ಅವರು ಒಪ್ಪಿದ್ದನ್ನೇ ಮತ್ತೆ ಹೇಳುತ್ತದೆ. ಅದಕ್ಕೂ ಸಿಟ್ಟಾಗುವವರು ಮೊದಲಿಂದಲೂ ಪೂರ್ತಿ ಕೊಡುವ ಮನಸ್ಸಿನವರಾಗಿರಲಿಲ್ಲ. ವಿದೇಶಿ ಕ್ಲೈಂಟ್‌ಗಳ ವಿಷಯದಲ್ಲಿ ನಮ್ಮ ಕಾನೂನಿನ ಕೈ ಸುಲಭವಾಗಿ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಮುಂಗಡ ಪಡೆಯುವುದೊಂದೇ ನಂಬಬಹುದಾದ ದಾರಿ.

ಕೆಲಸ ಕೊಡುವವರಲ್ಲೂ ಒಂದು ಮಾತು. ನಿಮ್ಮ ಅಸಿಸ್ಟೆಂಟ್ ಎರಡನೇ ಸಲ ನೆನಪಿಸುವಂತೆ ಮಾಡಬೇಡಿ. ದುಡಿಯುವವರೇ, ನೀವು ಎಂಎಸ್‌ಎಂಇ ನೋಂದಣಿಯ ಉದ್ಯಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಮುಂದಿನ ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಪಡೆದ ನೋಂದಣಿಯಿಂದ ಹಿಂದಿನ ಬಾಕಿಗೆ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.