ಎರೆಯ ನೆಲದ ಮೇಲೆ ವಿದ್ಯಾಮಂದಿರ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ವಚನ ವಾಙ್ಮಯವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ನಾಲ್ಕು ಪುಟಗಳು ಬಂದಾವೆಂದು ಅವರು ಎಣಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಇಷ್ಟು ವರ್ಷ ನಾನು ಕೊಟ್ಟುದೂ ಅದನ್ನೇ. ಈ ಸಲ ಮಾತ್ರ ನನ್ನ ಲೇಖನಿ ಮಣ್ಣು, ಸಿಮೆಂಟು, ಖಡಿಗಳ ಕಡೆಗೆ ತಿರುಗಿದೆ. ಕನ್ನಡ ಪಂಡಿತನಿಗೆ ಕಾಂಕ್ರೀಟಿನ ಗೊಡವೆಯೇಕೆಂದು ಓದುಗರು ನಕ್ಕಾರು. ಆ ಗೊಡವೆಗೆ ಹೋಗಬಾರದ ಹೊತ್ತಿನಲ್ಲಿ ಹೋಗಿ, ಆಡಬಾರದ ಮಾತೊಂದನ್ನು ಆಡಿದವನು ನಾನು. ಅದರ ಫಲವನ್ನು ಇಂದು ನಮ್ಮ ಮಕ್ಕಳು ಉಣ್ಣುತ್ತಿದ್ದಾರೆ. ಆದುದರಿಂದ ಹೊಸ ಕಟ್ಟಡದ ಭೂಮಿಪೂಜೆಗೆ ಸಿದ್ಧತೆ ನಡೆದಿರುವ ಈ ಸಮಯದಲ್ಲಿ ಸುಮ್ಮನಿರುವುದು ಧರ್ಮವಲ್ಲವೆಂದು ತೋರಿತು.

ಹಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಿಂಭಾಗದ ಕೊಠಡಿಗಳನ್ನು ಕಟ್ಟಿಸುವಾಗ ಕಟ್ಟಡ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಇದೇ ಶಾಲೆಯಲ್ಲಿ ಓದಿ ಇಂಜಿನಿಯರನಾಗಿದ್ದ ನಮ್ಮ ಶಿಷ್ಯನೊಬ್ಬ ಸಭೆಗೆ ಬಂದು, ಇದು ಆಳವಾದ ಎರೆ, ಮೊದಲು ಮಣ್ಣನ್ನು ಪರೀಕ್ಷಿಸಬೇಕು, ಸಾಮಾನ್ಯ ಬುನಾದಿ ಇಲ್ಲಿ ನಡೆಯದು, ಕಂಬಗಳನ್ನು ನೆಲದಾಳಕ್ಕೆ ಇಳಿಸಬೇಕು ಎಂದು ವಿನಯದಿಂದ ಬಿನ್ನವಿಸಿದ. ಅದಕ್ಕೆ ತಗಲುವ ವೆಚ್ಚವನ್ನೂ ಕಾಗದದ ಮೇಲೆ ತೋರಿಸಿದ. ಆಗ ನಾನು, "ನಮ್ಮ ಹಿರಿಯರ ಮನೆಗಳು ಇದೇ ಮಣ್ಣಿನ ಮೇಲೆ ಮೂರು ತಲೆಮಾರು ನಿಂತಿಲ್ಲವೇ? ದಾನಿಗಳ ಹಣವನ್ನು ನೆಲದಲ್ಲಿ ಹೂಳುವುದಕ್ಕಿಂತ ಅದರಲ್ಲಿ ಇನ್ನೊಂದು ಕೊಠಡಿಯನ್ನು ಎಬ್ಬಿಸೋಣ" ಎಂದೆ. ಸಭೆ ತಲೆದೂಗಿತು. ಶಿಷ್ಯ ಕಾಗದವನ್ನು ಮಡಚಿಕೊಂಡು ಹೋದ. ಇನ್ನೊಂದು ಕೊಠಡಿ ಎದ್ದಿತು.

ನಾಲ್ಕು ಮಳೆಗಾಲಗಳು ಕಳೆದವು. ಮೊದಲು ಗ್ರಂಥಾಲಯದ ಬಾಗಿಲು ಮಳೆಗಾಲದಲ್ಲಿ ಹಿಡಿಯತೊಡಗಿತು. ಕಟ್ಟಿಗೆ ಹಸಿಯಿದ್ದೀತೆಂದು ನಾವು ಬಡಿಗನನ್ನು ದೂರಿದೆವು. ಬಳಿಕ ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕುಗಳು ಹೊರಟವು. ಆಗ ಗೌಂಡಿಯನ್ನು ದೂರಿದೆವು. ನೆಲದ ಕಾಂಕ್ರೀಟು ನಡುವೆ ಉಬ್ಬಿ ಹಲಗೆಗಳ ಕಾಲು ಅಲುಗಾಡತೊಡಗಿದಾಗ ಸಿಮೆಂಟನ್ನು ದೂರಿದೆವು. ಒಂದು ದಿನ ಎಂಟನೆಯ ಇಯತ್ತೆಯಲ್ಲಿ ಸಂಧಿಪ್ರಕರಣವನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಗುರುಗಳ, ಗ್ವಾಡಿಯೊಳಗಿಂದ ಬೆಳಕ ಬರಾಕ ಹತ್ತೈತ್ರಿ" ಎಂದ. ತರಗತಿ ನಕ್ಕಿತು, ನಾನು ನಗಲಿಲ್ಲ. ಆ ಬೆಳಕು ಬೀಳುತ್ತಿದ್ದುದು ನನ್ನ ಮಾತಿನ ಮೇಲೆ. ವಾರ್ಷಿಕೋತ್ಸವ ಹತ್ತಿರವಾದಾಗ ಬಿರುಕಿಗೆ ಸಿಮೆಂಟು ಮೆತ್ತಿ, ಸುಣ್ಣ ಬಳಿದು, ಅತಿಥಿಗಳನ್ನು ಆ ಕೊಠಡಿಯಲ್ಲಿಯೇ ಕುಳ್ಳಿರಿಸಿದೆವು. ಮುಂದಿನ ಬೇಸಗೆಗೆ ಅದೇ ಬಿರುಕು ಒಂದು ಗೇಣು ಸರಿದು ಮತ್ತೆ ತೆರೆಯಿತು. ಇಂದು ಎರಡು ಕೊಠಡಿಗಳಿಗೆ ಬೀಗ ಬಿದ್ದಿದೆ. ಆ ಮಕ್ಕಳು ಪ್ರಾರ್ಥನಾ ಮಂದಿರದ ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದಾರೆ.

ತಪ್ಪು ಬಡಿಗನದಲ್ಲ, ಗೌಂಡಿಯದಲ್ಲ, ಸಿಮೆಂಟಿನದೂ ಅಲ್ಲ. ಮಣ್ಣಿನ ಸ್ವಭಾವವನ್ನು ಕೇಳದೆ ಅದರ ಮೇಲೆ ಭಾರ ಹೊರಿಸಿದ ನಮ್ಮದು. ಬಳಿಕ ನಾನು ಅದೇ ಶಿಷ್ಯನ ಮನೆಗೆ ಹೋಗಿ, ಗುರುವೆಂಬ ಬಿಗುಮಾನವನ್ನು ಬದಿಗಿಟ್ಟು, ಈ ವಿಷಯವನ್ನು ಪಾಠ ಹೇಳಿಸಿಕೊಂಡೆ. ಅದನ್ನು ನನಗೆ ತಿಳಿದಷ್ಟು ಇಲ್ಲಿ ನಿವೇದಿಸುತ್ತೇನೆ.

ನವಲಗುಂದ, ನರಗುಂದ, ರೋಣ, ಅಣ್ಣಿಗೇರಿಯ ಸೀಮೆಯಿಂದ ವಿಜಯಪುರ, ಕಲಬುರ್ಗಿಯವರೆಗೆ ಹಬ್ಬಿರುವ ಕರಿಯ ನೆಲಕ್ಕೆ ನಾವು ಎರೆಯೆನ್ನುತ್ತೇವೆ. ಇದರ ಉತ್ತರ ಭಾಗದ ಮಣ್ಣು ಬಹುಮಟ್ಟಿಗೆ ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಹರಿದ ಜ್ವಾಲಾಮುಖಿಯ ಶಿಲಾರಸ ಹೆಪ್ಪುಗಟ್ಟಿ ಆದ ಬಸಾಲ್ಟ್ ಕಲ್ಲು ಸವೆದು ಹುಟ್ಟಿದುದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೇರಳವಾಗಿದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಅದರ ರಚನೆ. ನೀರು ಆ ಹಾಳೆಗಳ ನಡುವೆ ಹೊಕ್ಕು ಅವನ್ನು ಅಗಲಿಸುತ್ತದೆ, ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಹಾಳೆಗಳು ಮತ್ತೆ ಕೂಡುತ್ತವೆ. ಮಣ್ಣು ಕುಗ್ಗಿ, ಬೇಸಗೆಯಲ್ಲಿ ಕೈ ಇಳಿಯುವಂಥ ಬಿರುಕುಗಳನ್ನು ಬಿಡುತ್ತದೆ. ಒಕ್ಕಲಿಗನಿಗೆ ಇದು ವರ. ಈ ನೆಲ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಸಾಕುತ್ತದೆ. ಬೆಳೆಗೆ ತಾಯಿಯಾದ ಗುಣವೇ ಗೋಡೆಗೆ ವೈರಿಯಾಗಿದೆ. ಕನ್ನಡದಲ್ಲಿ 'ಎರೆ' ಎಂದರೆ ನೀರನ್ನು ಹೊಯ್ಯು ಎಂದೂ ಅರ್ಥವುಂಟು. ಎರಡೂ ಒಂದೇ ಶಬ್ದವೆಂದು ನಾನು ವಾದಿಸುವುದಿಲ್ಲ. ಆದರೆ ನೀರೆರೆದಾಗಲೇ ಎರೆಯ ಗುಣ ಹೊರಬೀಳುವುದೆಂಬುದನ್ನು ನೆನಪಿಡಲು ಈ ಶ್ಲೇಷೆ ಸಾಕು.

ನಮ್ಮ ಪರಂಪರೆಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಮಾತುಗಳಿವೆ. ಅವುಗಳ ತತ್ತ್ವಾರ್ಥ ಬೇರೆ. ಅದನ್ನು ಇಲ್ಲಿಗೆಳೆಯುವ ಧಾರ್ಷ್ಟ್ಯ ನನಗಿಲ್ಲ. ವಾಚ್ಯಾರ್ಥದಲ್ಲಿಯಾದರೂ ನಾವು ಒಂದನ್ನು ಗಮನಿಸಬೇಕು: ಎರೆಯ ನಾಡಿನಲ್ಲಿ ನೆಲವೇ ಚಲಿಸುತ್ತದೆ. ಚಲಿಸುವುದರ ಮೇಲೆ ಅಚಲವಾದುದನ್ನು ಇಡಹೊರಟವನು ಆ ಚಲನೆಯ ಲೆಕ್ಕವನ್ನು ಮೊದಲು ತಿಳಿಯಬೇಕು.

ಹಾಗಾದರೆ ಹಿರಿಯರ ಮನೆಗಳು ನಿಂತುದು ಹೇಗೆ? ಸಭೆಯನ್ನು ಗೆದ್ದ ನನ್ನ ಪ್ರಶ್ನೆಗೆ ಉತ್ತರ ಆ ಮನೆಗಳಲ್ಲಿಯೇ ಇತ್ತು. ನಮ್ಮ ಹಳೆಯ ಊರುಗಳು ಬಹುಮಟ್ಟಿಗೆ ಗರಸಿನ ದಿಬ್ಬವನ್ನು ನೋಡಿ ಕುಳಿತವು. ಎರೆಯನ್ನು ಹೊಲಕ್ಕೆ ಬಿಟ್ಟರು. ಮನೆಯ ಮಾಳಿಗೆಯ ಭಾರವನ್ನು ಕಟ್ಟಿಗೆಯ ಕಂಬ, ತೊಲೆ, ಜಂತೆಗಳು ಹೊತ್ತವು. ಮಣ್ಣಿನ ಗೋಡೆ ಸ್ವಲ್ಪ ಅಲುಗಿದರೂ ಮನೆ ಬೀಳಲಿಲ್ಲ. ಬಿರುಕು ಬಿಟ್ಟಲ್ಲಿ ಮನೆಯ ತಾಯಂದಿರು ವರ್ಷವರ್ಷವೂ ಮಣ್ಣು ಮೆತ್ತಿ ಸಾರಿಸಿದರು. ಇದಕ್ಕಿಂತ ಮುಖ್ಯವಾದುದೊಂದಿದೆ: ಅಂದು ಮನೆಗೆ ನೀರು ಕೊಡದಲ್ಲಿ ಬರುತ್ತಿತ್ತು. ಇಂದು ನಳ, ಟಾಕಿ, ಸ್ನಾನಗೃಹ, ಶೌಚದ ಗುಂಡಿ, ಸೋರುವ ಕೊಳವೆ ಇವೆಲ್ಲ ಸೇರಿ ಗೋಡೆಯ ಬುಡಕ್ಕೆ ವರ್ಷವಿಡೀ ನೀರೆರೆಯುತ್ತಿವೆ. ಕಾಂಕ್ರೀಟು ಭಾರವನ್ನು ಹೊರಬಲ್ಲುದು; ಬಾಗಲಾರದು. ಹಿರಿಯರ ಜಾಣ್ಮೆಯನ್ನು ಬಿಟ್ಟು ಅವರ ಹೆಸರನ್ನು ಮಾತ್ರ ನಾನು ಬಳಸಿಕೊಂಡೆ. ಪಂಡಿತರು ಮಾಡುವ ತಪ್ಪುಗಳಲ್ಲಿ ಇದು ಸಾಮಾನ್ಯವಾದುದು.

ಇನ್ನೊಂದು ಭ್ರಮೆ, ಕಟ್ಟಡ ಹಗುರವಾದಷ್ಟೂ ಕ್ಷೇಮವೆಂಬುದು. ಎರೆಯಲ್ಲಿ ಇದು ಸಲ್ಲದು. ಉಬ್ಬುವ ಮಣ್ಣು ಮೇಲಕ್ಕೆ ಒತ್ತುತ್ತದೆ. ಮೇಲಿನ ಭಾರ ಆ ಒತ್ತಡಕ್ಕಿಂತ ಕಡಿಮೆಯಾದರೆ ಕಟ್ಟಡವನ್ನೇ ಎತ್ತುತ್ತದೆ. ಒಂದೇ ಅಂತಸ್ತಿನ ಮನೆ, ಅಂಗಡಿ, ಶಾಲೆಯ ಕೊಠಡಿ, ಆವರಣದ ಗೋಡೆ, ಅಂಗಳದ ಕಾಂಕ್ರೀಟು ಇವೇ ಮೊದಲು ಸೀಳುವುದು ಆ ಕಾರಣದಿಂದ. ಅದೂ ಎಲ್ಲೆಡೆಯೂ ಸಮನಾಗಿ ಎತ್ತುವುದಿಲ್ಲ. ಕಟ್ಟಡದ ನಡುವಿನ ನೆಲ ಬಿಸಿಲಿಗೆ ಮರೆಯಾಗಿ ತೇವವನ್ನು ಕೂಡಿಹಾಕುತ್ತದೆ. ಅಂಚಿನ ನೆಲ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ಒಂದು ಭಾಗ ಏರಿ ಇನ್ನೊಂದು ಇಳಿದಾಗ ಗೋಡೆ ಓರೆಯಾಗಿ ಸೀಳುತ್ತದೆ. ನೆರಳಿಗೆಂದು ಗೋಡೆಗೆ ತಾಗಿಸಿ ಬೆಳೆಸಿದ ಮರವೂ ಬರದ ವರ್ಷ ಬೇರುಗಳಿಂದ ನೀರನ್ನು ಹೀರಿ ನೆಲವನ್ನು ಕುಗ್ಗಿಸುತ್ತದೆ.

ಇದಕ್ಕೆ ಪರಿಹಾರವಿಲ್ಲವೇ? ಇದೆ; ಹೊಸದೂ ಅಲ್ಲ. ೧೯೪೭ರಲ್ಲಿ ಸ್ಥಾಪಿತವಾದ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಈ ನೆಲಕ್ಕಾಗಿಯೇ ಬುಡದಲ್ಲಿ ಗಡ್ಡೆಯುಳ್ಳ ಕಾಂಕ್ರೀಟು ಕಂಬವನ್ನು ಬೆಳೆಸಿದರು. ಕೈಬೈರಿಗೆಯಿಂದಲೇ ನೆಲವನ್ನು ಕೊರೆದು, ತಳದಲ್ಲಿ ಕುಳಿಯನ್ನು ಅಗಲಿಸಿ, ಕಬ್ಬಿಣವನ್ನಿಳಿಸಿ ಕಾಂಕ್ರೀಟು ತುಂಬುತ್ತಾರೆ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಋತುವಿಗೊಮ್ಮೆ ಉಬ್ಬಿ ಕುಗ್ಗುವ ಪದರ ನಮ್ಮ ದೇಶದ ಆಳವಾದ ಎರೆಯಲ್ಲಿ ಸುಮಾರು ಮೂರೂವರೆ ಮೀಟರಿನವರೆಗೆ ಇರುತ್ತದೆಂದು ಹೇಳುತ್ತಾರೆ. ಗಡ್ಡೆ ಅದರ ಕೆಳಗಿನ ಅಲುಗದ ನೆಲದಲ್ಲಿ ಗೂಟದಂತೆ ಹಿಡಿದುಕೊಳ್ಳುತ್ತದೆ. ಕಂಬಗಳ ತಲೆಯನ್ನು ಕೂಡಿಸುವ ತೊಲೆಯನ್ನು ನೆಲಕ್ಕೆ ತಾಗಿಸದೆ ಕನಿಷ್ಠ ೮೦ ಮಿಲಿಮೀಟರು ಮೇಲಿಡಬೇಕೆಂದು ಭಾರತೀಯ ಮಾನಕವೇ ವಿಧಿಸಿದೆ. ಮಣ್ಣು ಉಬ್ಬಿದರೆ ಆ ಸಂದಿನಲ್ಲಿ ಉಬ್ಬಲಿ, ತೊಲೆಯನ್ನು ಎತ್ತದಿರಲಿ ಎಂಬುದು ತಾತ್ಪರ್ಯ. ಆ ಸಂದು ಕೆಲಸಗಾರನ ಅಲಕ್ಷ್ಯದಿಂದ ಮಣ್ಣು ತುಂಬಿ ಮುಚ್ಚಿಹೋದರೆ ಖರ್ಚು ಮಾಡಿದುದೆಲ್ಲ ವ್ಯರ್ಥ.

ನೆಲಗಟ್ಟಿಗೆ ಬೇರೆ ಉಪಾಯ. ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಸಿದರೆ ಕೆಳಗಿನ ಉಬ್ಬು ಅಡಗುವುದೆಂದು ತೋರಿಸಿದರು. ನಮ್ಮ ಮಲಪ್ರಭಾ ಕಾಲುವೆಯ ಕೆಲಸದಲ್ಲಿಯೇ ಈ ಉಪಾಯ ಬಳಕೆಗೆ ಬಂದಿತು. ಮೇಲಿನ ಎರೆಯನ್ನು ತೆಗೆದು, ಸುಮಾರು ಒಂದು ಮೀಟರು ದಪ್ಪಕ್ಕೆ ತಕ್ಕ ಗರಸನ್ನು ಪದರಪದರವಾಗಿ ಹಾಕಿ ಬಡಿದು, ಅದರ ಮೇಲೆ ಕಾಂಕ್ರೀಟನ್ನು ಹಾಸುವುದು ಕ್ರಮ. ಗರಸಿನ ಬದಲು ಬರಿಯ ಮರಳನ್ನು ತುಂಬಿಬಿಡುವವರಿದ್ದಾರೆ. ಮರಳು ನೀರನ್ನು ಸಲೀಸಾಗಿ ಒಳಕ್ಕೆ ಬಿಟ್ಟುಕೊಂಡು ಬುನಾದಿಯನ್ನು ಸಣ್ಣ ಕೆರೆಯನ್ನಾಗಿ ಮಾಡುತ್ತದೆ.

ಇಷ್ಟಕ್ಕೂ ಮೊದಲು ಮಣ್ಣಿನ ಪರೀಕ್ಷೆ. ೧೯೭೭ರ ಭಾರತೀಯ ಮಾನಕದಲ್ಲಿ ಹೇಳಿರುವ ಒಂದು ಸರಳ ಪರೀಕ್ಷೆಯನ್ನು ನಮ್ಮ ವಿಜ್ಞಾನದ ಅಧ್ಯಾಪಕರ ನೆರವಿನಿಂದ ಮಕ್ಕಳೊಡನೆ ಮಾಡಿ ನೋಡಿದೆ. ಒಣಗಿಸಿ ಸಣ್ಣಗೆ ಜರಡಿಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆಯನ್ನು ತುಂಬಿ ಒಂದು ದಿನ ಬಿಡುವುದು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಜಾಡಿಯ ಮಣ್ಣು ಎಣ್ಣೆಯದಕ್ಕಿಂತ ನೂರಕ್ಕೆ ಎಷ್ಟು ಪಾಲು ಹೆಚ್ಚಾಯಿತೆಂಬುದೇ ಲೆಕ್ಕ. ಅದು ೫೦ನ್ನು ದಾಟಿತೆಂದರೆ ಎಚ್ಚರವಿರಬೇಕು, ೧೦೦ನ್ನು ದಾಟಿತೆಂದರೆ ಉಬ್ಬುವ ಗುಣ ಪ್ರಬಲವೆಂದೇ ತಿಳಿಯಬೇಕು. ಮರುದಿನ ಮಕ್ಕಳು ಜಾಡಿಗಳ ಸುತ್ತ ನೆರೆದರು. ನಮ್ಮ ಹಿತ್ತಲ ಮಣ್ಣು ಎಣ್ಣೆಯಲ್ಲಿ ತಳದಲ್ಲಿಯೇ ಕುಳಿತಿತ್ತು. ನೀರಿನಲ್ಲಿ ಎಷ್ಟೋ ಮೇಲೇರಿ ನಿಂತಿತ್ತು. ಎರಡು ಗಾಜಿನ ಜಾಡಿಗಳಿಂದ ತಿಳಿಯಬಹುದಾಗಿದ್ದುದನ್ನು ನಾವು ಎರಡು ಕೊಠಡಿಗಳನ್ನು ಕಳೆದುಕೊಂಡು ತಿಳಿದೆವು. ಈ ಪರೀಕ್ಷೆ ಎಚ್ಚರಿಕೆಗೆ ಸಾಕು, ಬುನಾದಿಯ ಲೆಕ್ಕಕ್ಕೆ ಸಾಲದು. ಅದಕ್ಕೆ ಬಲ್ಲವರು ನೆಲವನ್ನು ಆಳವಾಗಿ ಕೊರೆದು ನೋಡಲೇಬೇಕು.

ಈಗ ದಾನಿಗಳಲ್ಲಿ ನನ್ನ ಮುಖ್ಯ ವಿನಂತಿ. ನಮ್ಮ ಶಾಲೆಯ ಪ್ರತಿ ಕೊಠಡಿಯ ಬಾಗಿಲಿಗೂ ಒಂದು ಶಿಲಾಫಲಕವಿದೆ, ಅದು ಯೋಗ್ಯವೇ. ಆದರೆ ಮಣ್ಣಿನ ಪರೀಕ್ಷೆಗೆ, ನೆಲದೊಳಗಿನ ಕಂಬಕ್ಕೆ, ನೀರು ಹರಿದುಹೋಗುವ ಗಟಾರಕ್ಕೆ ಇದುವರೆಗೆ ಒಬ್ಬ ದಾನಿಯೂ ದೊರೆತಿಲ್ಲ. ಕಾಣದ ಕೆಲಸಕ್ಕೆ ಫಲಕವನ್ನು ಹಚ್ಚುವ ಸ್ಥಳವಿಲ್ಲವಷ್ಟೆ. ದಾಸೋಹದಲ್ಲಿ 'ನಾನು ಕೊಟ್ಟೆ' ಎಂಬ ಭಾವಕ್ಕೆ ಎಡೆಯಿಲ್ಲವೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಅಡಿಪಾಯಕ್ಕೆ ಕೊಟ್ಟ ಹಣಕ್ಕಿಂತ ಮಿಗಿಲಾಗಿ ಆ ಬೋಧೆಗೆ ಒಪ್ಪುವ ದಾನ ಬೇರೆ ಯಾವುದಿದ್ದೀತು? ಅದು ಮಣ್ಣಿನಲ್ಲಿ ಹೂತದ್ದಲ್ಲ. ಮೇಲಿನ ಎಲ್ಲ ಫಲಕಗಳನ್ನೂ ಅದೇ ಹೊತ್ತು ನಿಲ್ಲಿಸುತ್ತದೆ.

ಹೊಸ ಕಟ್ಟಡದ ನಕ್ಷೆಯನ್ನು ಒಪ್ಪುವ ಮುನ್ನ ಮಣ್ಣಿನ ವರದಿಯನ್ನು ಸಭೆಯಲ್ಲಿ ಓದಿಸಬೇಕು. ಹಣ ಸಾಲದಾದರೆ ಕೊಠಡಿಯೊಂದನ್ನು ಬಿಡಬೇಕಲ್ಲದೆ ಬುನಾದಿಯ ಆಳವನ್ನು ಬಿಡಬಾರದು. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಅಗಲವಾದ ಕಾಂಕ್ರೀಟು ಕಟ್ಟೆಯೂ ಅದರಾಚೆ ಗಟಾರವೂ ಇರಬೇಕು. ನಳ, ಟಾಕಿ, ಮರಗಳು ಗೋಡೆಯಿಂದ ದೂರವಿರಬೇಕು. ಕಟ್ಟಿ ಮುಗಿದ ಮೇಲೂ ವರ್ಷವರ್ಷ ಮುಂಗಾರಿಗೆ ಮುನ್ನ ಗಟಾರವನ್ನು ತೆರವು ಮಾಡಿಸಲು ಒಂದು ಸಣ್ಣ ನಿಧಿಯನ್ನು ತೆಗೆದಿಡಬೇಕು. ಬೀಗ ಹಾಕಿದ ಕೊಠಡಿಗಳನ್ನು ಬಲ್ಲವರಿಗೆ ತೋರಿಸಿ, ಅವರು ಹೇಳುವವರೆಗೆ ಸುಣ್ಣ ಬಳಿದು ತೆರೆಯಬಾರದು.

ಧಾತುವನ್ನರಿಯದೆ ಪ್ರತ್ಯಯವನ್ನು ಹಚ್ಚುವ ವಿದ್ಯಾರ್ಥಿಯನ್ನು ನಾನು ಮೂವತ್ತು ವರ್ಷಗಳಿಂದ ತಿದ್ದುತ್ತ ಬಂದಿದ್ದೇನೆ. ಸಭೆಯಲ್ಲಿ ನಾನು ಮಾಡಿದುದೂ ಅದೇ ತಪ್ಪು. ತಿದ್ದಲು ಬಂದ ಶಿಷ್ಯನ ಮಾತನ್ನು ಮಾತ್ರ ಕೇಳಲಿಲ್ಲ. ಈ ಸಲ ಕಟ್ಟಡ ಸಮಿತಿಯಲ್ಲಿ ನನ್ನ ಸ್ಥಾನವನ್ನು ಆತನಿಗೆ ಕೊಡಬೇಕೆಂದು ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಿದ್ದೇನೆ. ಹೊಸ ಕಟ್ಟಡದ ಅಡಿಪಾಯ ನಿಧಿಗೆ ನನ್ನ ಒಂದು ತಿಂಗಳ ವೇತನವನ್ನು ಶ್ರೀಮಠಕ್ಕೆ ಒಪ್ಪಿಸಿದ್ದೇನೆ. ಅದಕ್ಕೆ ಫಲಕ ಬೇಡ. ಪಡಸಾಲೆಯಲ್ಲಿ ಕುಳಿತ ಮಕ್ಕಳು ಬೇಗ ಒಳಗೆ ಬಂದು ಕುಳಿತರೆ ಸಾಕು.