ಎಳೆಯರ ಕಲಿಕೆ: ದಾಖಲೆ ಯಾರಿಗಾಗಿ?

ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ 2025ರ ಅಕ್ಟೋಬರ್ 2ರಂದು ಐವತ್ತು ವರ್ಷ ತುಂಬಿತು. 1975ರಲ್ಲಿ ದೇಶದ 33 ಬ್ಲಾಕ್‌ಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಜಾರಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಈ ಅರ್ಧ ಶತಮಾನದಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬರೆದಿಟ್ಟ ದಾಖಲೆಗಳಿಗೆ ಲೆಕ್ಕವಿಲ್ಲ. ಆದರೂ ಮೂರು ವರ್ಷ ಅಂಗನವಾಡಿಯಲ್ಲಿ ಕಳೆದು ಒಂದನೇ ತರಗತಿಗೆ ಬಂದ ಮಗುವಿನ ಬಗ್ಗೆ ಶಾಲೆಯ ಶಿಕ್ಷಕರಿಗೆ ಸಾಮಾನ್ಯವಾಗಿ ತಿಳಿದಿರುವುದು ಅದರ ಹೆಸರು, ಜನ್ಮದಿನಾಂಕ, ತಂದೆ-ತಾಯಿಯ ವಿವರ ಮಾತ್ರ. ಆ ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೆ, ಏನನ್ನು ಇಷ್ಟಪಡುತ್ತದೆ, ಎಲ್ಲಿ ತಡವರಿಸುತ್ತದೆ ಎಂಬುದನ್ನು ಬಲ್ಲ ಕಾರ್ಯಕರ್ತೆ ಅದೇ ಊರಿನಲ್ಲಿ, ಬಹುತೇಕ ಅದೇ ಬೀದಿಯಲ್ಲಿ ಇರುತ್ತಾರೆ. ಅವರ ತಿಳಿವಳಿಕೆ ಮಾತ್ರ ಶಾಲೆಯ ಹೊಸ್ತಿಲು ದಾಟುವುದಿಲ್ಲ.

ಅಂಗನವಾಡಿಯಲ್ಲಿ ದಾಖಲೆಯ ಕೊರತೆ ಇದೆಯೆಂದು ಯಾರೂ ಹೇಳಲಾರರು. 2012ರ ಪರಿಷ್ಕೃತ ವ್ಯವಸ್ಥೆ ಪ್ರತಿ ಕೇಂದ್ರಕ್ಕೆ 11 ರಿಜಿಸ್ಟರ್‌ಗಳನ್ನು ಗೊತ್ತುಪಡಿಸಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. 2025ರ ಜುಲೈನಿಂದ ಮನೆಗೆ ಒಯ್ಯುವ ಆಹಾರದ ವಿತರಣೆಗೆ ಮುಖಚಹರೆ ದೃಢೀಕರಣವನ್ನೂ ಕಡ್ಡಾಯಗೊಳಿಸಲಾಯಿತು. ಹಾಜರಿ, ಆಹಾರ, ತೂಕ, ಎತ್ತರ ಇವೆಲ್ಲ ಅಗತ್ಯವಾದ ಮಾಹಿತಿಗಳೇ. ಆದರೆ ಇವುಗಳಿಗೆ ದೊರೆತ ಶ್ರದ್ಧೆಯ ಒಂದು ಪಾಲೂ ಮಗುವಿನ ಕಲಿಕೆಯ ದಾಖಲೆಗೆ ದೊರೆತಿಲ್ಲ.

ಹಾಗೆ ನೋಡಿದರೆ, ಒಳ್ಳೆಯ ದಾಖಲೆ ಹೇಗಿರಬೇಕೆಂಬ ಪಾಠ ಅಂಗನವಾಡಿಯ ಗೋಡೆಯ ಮೇಲೆಯೇ ಇದೆ. ಅದು ಬೆಳವಣಿಗೆಯ ನಕ್ಷೆ. ತೂಕದ ಗೆರೆ ಕೆಳಗಿಳಿದರೆ ತಾಯಿಯೊಡನೆ ಮಾತನಾಡಬೇಕು, ಪೂರಕ ಆಹಾರ ಕೊಡಬೇಕು, ಅಗತ್ಯ ಬಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಬೇಕು. ಏನು ಮಾಡಬೇಕೆಂಬುದನ್ನು ಗೆರೆಯೇ ಹೇಳುತ್ತದೆ. ಮುಂದಿನ ಹೆಜ್ಜೆಯನ್ನು ಸೂಚಿಸುವ ಈ ಗುಣವೇ ದಾಖಲೆಯ ಜೀವಾಳ. ಕಲಿಕೆಯ ದಾಖಲೆಯನ್ನೂ ಇದೇ ಮಾನದಂಡದಿಂದ ಅಳೆಯಬೇಕು. ಅದನ್ನು ಓದುವವರು ಯಾರು, ಓದಿದ ಮೇಲೆ ಮಗುವಿಗಾಗಿ ಬದಲಾಗುವುದು ಏನು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ದಾಖಲೆ ಕಾಗದದ ಹೊರೆಯಷ್ಟೆ.

ಬುನಾದಿ ಹಂತಕ್ಕಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಪರೀಕ್ಷೆಗಳು ಸಲ್ಲವು. ಮಗು ಆಡುವಾಗ, ಮಾತನಾಡುವಾಗ, ಚಿತ್ರ ಬಿಡಿಸುವಾಗ ಗಮನಿಸಿ ಬರೆಯುವುದೇ ಸೂಕ್ತ ಮೌಲ್ಯಮಾಪನ ಎಂದು ಅದು ಹೇಳುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ‘ಆಧಾರಶಿಲಾ’ ಪಠ್ಯಕ್ರಮವನ್ನೂ ಹೊರತಂದಿದೆ. ಈ ವಿಚಾರ ನಮಗೆ ಹೊಸದೂ ಅಲ್ಲ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ, ಕೋಸಬಾಡದಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದ ತಾರಾಬಾಯಿ ಮೋಡಕ್ ಮಗುವನ್ನು ಗಮನಿಸುವುದನ್ನೇ ಶಿಕ್ಷಕರ ಮೊದಲ ಕರ್ತವ್ಯವೆಂದು ಬಗೆದವರು.

‘ಗಣಿತ: ಉತ್ತಮ’ ಎಂಬ ಷರಾ ಯಾರಿಗೂ ಏನನ್ನೂ ತಿಳಿಸುವುದಿಲ್ಲ. ‘ಹುಣಸೆಬೀಜಗಳನ್ನು ದೊಡ್ಡವು, ಚಿಕ್ಕವು ಎಂದು ತಾನೇ ಬೇರ್ಪಡಿಸಿತು, ಎಣಿಸುವಾಗ ಐದರ ನಂತರ ತಪ್ಪಿತು’ ಎಂಬ ಒಂದು ಸಾಲು, ಪಕ್ಕದಲ್ಲಿ ದಿನಾಂಕ, ಇಷ್ಟಿದ್ದರೆ ನಾಳೆ ಆ ಮಗುವಿನೊಡನೆ ಏನು ಮಾಡಬೇಕೆಂಬುದು ತಿಳಿಯುತ್ತದೆ. ಮೊದಲನೆಯದು ತೀರ್ಪು, ಎರಡನೆಯದು ಸಾಕ್ಷ್ಯ. ತೀರ್ಪು ಮಗುವಿಗೆ ಹಣೆಪಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಾಕ್ಷ್ಯ ಶಿಕ್ಷಕಿಯನ್ನು ಕೆಲಸಕ್ಕೆ ಹಚ್ಚುತ್ತದೆ.

ಇದು ಬೋಧನಾ ವಿಧಾನದ ಸೂಕ್ಷ್ಮವಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಅಂಗನವಾಡಿಯ ಮೂಲೆಯಲ್ಲಿ ಸದಾ ಮೌನವಾಗಿ ಕೂರುವ ಮಗುವನ್ನೇ ತೆಗೆದುಕೊಳ್ಳಿ. ಅದರ ಮೌನಕ್ಕೆ ಕಾರಣ ನಾಚಿಕೆ ಇರಬಹುದು. ಮನೆಮಾತು ಲಂಬಾಣಿಯೋ ಉರ್ದುವೋ ತುಳುವೋ ಆಗಿದ್ದು ಕೇಂದ್ರದ ಕನ್ನಡ ಇನ್ನೂ ಕೈಗೆ ಹತ್ತದಿರಬಹುದು. ಅಥವಾ ಕಿವಿಯೇ ಸರಿಯಾಗಿ ಕೇಳಿಸದಿರಬಹುದು. ಮೂರಕ್ಕೂ ಪರಿಹಾರ ಬೇರೆ ಬೇರೆ. ಆದರೆ ‘ಮಂದ’ ಎಂಬ ಒಂದೇ ಪದ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಡುತ್ತದೆ. ಹಿಂದಿನಿಂದ ಕರೆದಾಗ ತಿರುಗಲಿಲ್ಲ, ಎದುರಿಗೆ ನಿಂತು ಹೇಳಿದಾಗ ತಕ್ಷಣ ಮಾಡಿತು ಎಂದು ಎರಡು ತಿಂಗಳಲ್ಲಿ ನಾಲ್ಕು ಬಾರಿ ಬರೆದಿದ್ದರೆ ತಪಾಸಣೆಗೆ ಕಳುಹಿಸಲು ಅಷ್ಟೇ ಸಾಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಭೇಟಿ ನೀಡಬೇಕು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರವೇ ಇದೆ. ವರ್ಷಕ್ಕೆರಡು ಬಾರಿ ಬರುವ ವೈದ್ಯರು ಕೆಲವೇ ನಿಮಿಷ ನೋಡುವ ಮಗುವನ್ನು ಕಾರ್ಯಕರ್ತೆ ದಿನವೂ ನೋಡುತ್ತಾರೆ. ಅವರು ಕಂಡದ್ದು ವೈದ್ಯರ ಕೈಗೆ ತಲುಪದಿದ್ದರೆ, ಮಾತು ಕಲಿಯುವ ಅಮೂಲ್ಯ ವರ್ಷಗಳು ಕೈತಪ್ಪಿ ಹೋಗುತ್ತವೆ.

ಹಾಗೆಂದು ಹನ್ನೊಂದು ರಿಜಿಸ್ಟರ್‌ಗಳ ಜತೆಗೆ ಹನ್ನೆರಡನೆಯದನ್ನು ಹೊರಿಸುವುದು ಪರಿಹಾರವಲ್ಲ. ಈ ದಾರಿಯಲ್ಲಿ ಸಾಗಿ ಹಿಂದಿರುಗಿದ ಇಂಗ್ಲೆಂಡಿನ ಅನುಭವ ಗಮನಾರ್ಹ. ಅಲ್ಲಿ 2008ರಲ್ಲಿ ಜಾರಿಗೆ ಬಂದ ಶಿಶು ಶಿಕ್ಷಣದ ಚೌಕಟ್ಟು 69 ಕಲಿಕಾ ಗುರಿಗಳನ್ನು ಪಟ್ಟಿ ಮಾಡಿತ್ತು. ಶಿಕ್ಷಕಿಯರು ದಾಖಲೆಯಲ್ಲಿ ಮುಳುಗಿದ್ದಾರೆಂಬ ದೂರಿನ ನಡುವೆ 2012ರಲ್ಲಿ ಅವು 17ಕ್ಕೆ ಇಳಿದವು. 2021ರ ಪರಿಷ್ಕರಣೆಯಂತೂ ಮೌಲ್ಯಮಾಪನಕ್ಕಾಗಿ ಮಕ್ಕಳೊಡನೆ ಕಳೆಯುವ ಸಮಯ ಕಡಿತವಾಗಬಾರದು, ಕಾಗದಪತ್ರ ಅತಿಯಾಗಬಾರದು ಎಂದೇ ವಿಧಿಸಿತು. ಇಪ್ಪತ್ತು-ಮೂವತ್ತು ಮಕ್ಕಳನ್ನು ನೋಡಿಕೊಳ್ಳುತ್ತಾ ಸಮೀಕ್ಷೆ, ಚುನಾವಣಾ ಕೆಲಸಗಳಿಗೂ ಓಡಾಡುವ ನಮ್ಮ ಕಾರ್ಯಕರ್ತೆಯರ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಹೊರೆ ಹೆಚ್ಚಿದಾಗ ತಿಂಗಳ ಕೊನೆಯ ದಿನ ಎಲ್ಲ ಮಕ್ಕಳ ಮುಂದೆಯೂ ಒಂದೇ ಬಗೆಯ ಗುರುತು ಬೀಳುವುದು ಸಹಜ. ಅದನ್ನು ಕಾರ್ಯಕರ್ತೆಯ ಅಪ್ರಾಮಾಣಿಕತೆ ಎನ್ನುವುದಕ್ಕಿಂತ ವ್ಯವಸ್ಥೆಯ ಅವಿವೇಕ ಎನ್ನುವುದೇ ಸರಿ.

ನಗರದ ಮಧ್ಯಮ ವರ್ಗ ಇದು ಅಂಗನವಾಡಿಯ ಸಮಸ್ಯೆ ಎಂದು ಸುಮ್ಮನಿರುವಂತಿಲ್ಲ. ಪ್ಲೇ ಹೋಮ್, ಡೇ ಕೇರ್‌ಗಳಲ್ಲಿ ಇನ್ನೊಂದು ಬಗೆಯ ಅತಿರೇಕ ಕಾಣುತ್ತಿದೆ. ದಿನವೂ ಮೊಬೈಲಿಗೆ ಬರುವ ಚಿತ್ರಗಳು ಪೋಷಕರನ್ನು ಸಂತೋಷಪಡಿಸಬಹುದು. ಆದರೆ ಚಿತ್ರಕ್ಕಾಗಿ ಆಟ ನಿಲ್ಲಿಸಿ ನಗಿಸಿದ ಮಗುವಿನಿಂದ ಅದರ ಕಲಿಕೆಯ ಬಗ್ಗೆ ತಿಳಿಯುವುದೇನು? ಮೂರೂವರೆ ವರ್ಷದ ಕೂಸಿಗೆ ಎ, ಬಿ ಶ್ರೇಣಿ ಹಚ್ಚಿ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವ ಚಟಕ್ಕೆ ಪ್ರಗತಿ ಪತ್ರವೇ ನೆಪವಾಗುತ್ತಿದೆ. ಮಕ್ಕಳ ಚಿತ್ರ, ವಿವರಗಳು ಯಾರ ಬಳಿ, ಎಷ್ಟು ಕಾಲ ಉಳಿಯುತ್ತವೆ ಎಂದು ಕೇಳುವವರೂ ವಿರಳ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. 2025ರ ನಿಯಮಗಳು ಶಾಲೆ, ಶಿಶುಪಾಲನಾ ಕೇಂದ್ರಗಳಿಗೆ ಕೆಲವು ವಿನಾಯಿತಿ ನೀಡಿವೆ. ವಿನಾಯಿತಿ ಇದೆಯೆಂದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ.

ಮಾಡಬೇಕಾದ ಕೆಲಸ ದುಬಾರಿಯೇನಲ್ಲ. ಪ್ರತಿ ಮಗುವಿನ ಬಗ್ಗೆ ತಿಂಗಳಿಗೆ ಎರಡು ಸಾಲು ಕನ್ನಡದಲ್ಲಿ ಬರೆದರೆ ಸಾಕು. ಅದಕ್ಕೆ ಬೇಕಾದ ಸಮಯವನ್ನು ಬೇರೆ ರಿಜಿಸ್ಟರ್‌ಗಳನ್ನು ಕಡಿತಗೊಳಿಸಿ ಒದಗಿಸಬೇಕು. ಏನನ್ನು ಗಮನಿಸಬೇಕು, ಹೇಗೆ ಬರೆಯಬೇಕು ಎಂಬ ತರಬೇತಿಯನ್ನು ಮಕ್ಕಳ ನಡುವೆಯೇ ನೀಡಬೇಕು. ಮೇಲ್ವಿಚಾರಕಿಯರು ಎಷ್ಟು ಪುಟ ತುಂಬಿದೆ ಎಂದು ನೋಡುವ ಬದಲು, ಬರೆದದ್ದರಿಂದ ಏನು ಮಾಡಲಾಯಿತು ಎಂದು ಕೇಳಬೇಕು. ತಾಯಂದಿರ ಸಭೆಯಲ್ಲಿ ಆ ಸಾಲುಗಳನ್ನು ಪ್ರತಿ ತಾಯಿಗೂ ಪ್ರತ್ಯೇಕವಾಗಿ ಓದಿ ಹೇಳಬೇಕು, ಅವರಿಂದಲೂ ಕೇಳಿ ಸೇರಿಸಬೇಕು. ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಬರುವ ಕುಟುಂಬಗಳ ಮಕ್ಕಳ ಜತೆ ಆ ಹಾಳೆಗಳೂ ಬರಬೇಕು. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಗಳಿಗೂ ಇದೇ ಕ್ರಮ ಅನ್ವಯಿಸಬೇಕು. ಕೊನೆಯದಾಗಿ, ಪ್ರತಿ ಮೇ ತಿಂಗಳಲ್ಲಿ ಕಾರ್ಯಕರ್ತೆ ಮತ್ತು ಒಂದನೇ ತರಗತಿಯ ಶಿಕ್ಷಕರು ಎದುರುಬದುರು ಕುಳಿತು ಈ ಹಾಳೆಗಳನ್ನು ಓದುವ ಒಂದು ದಿನವನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹಾಗೂ ಶಾಲಾ ಶಿಕ್ಷಣ ಇಲಾಖೆ ಜಂಟಿಯಾಗಿ ಗೊತ್ತುಪಡಿಸಬೇಕು.

ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ನಡೆಸುವ ಉತ್ಸಾಹ ರಾಜ್ಯದಲ್ಲಿ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಇದು ತುರ್ತಿನ ಮಾತು. ಹೆಸರು ಬದಲಿಸಿ, ಸಮವಸ್ತ್ರ ತೊಡಿಸಿ, ಅದರ ಬೆನ್ನಿಗೇ ಪರೀಕ್ಷೆಯನ್ನೂ ತಂದರೆ ಎಳೆಯರಿಗೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಮಗುವನ್ನು ದಿನವೂ ಹತ್ತಿರದಿಂದ ಕಾಣುವ ಕಾರ್ಯಕರ್ತೆಯ ಮಾತಿಗೆ ಬೆಲೆ ಕೊಡುವುದೇ ಈ ಸುಧಾರಣೆಯ ಮೊದಲ ಹೆಜ್ಜೆಯಾಗಲಿ.